ಎರಡೂ ಕಡೆಯ ಚಿಗವ್ವ

“ಇದು ಹುಡುಗನ ಕಡೀದು. ಹುಡುಗಿ ಕಡೀದು ಎಲ್ಲೈತಿ?”

ತಮ್ಮನ ಲಗ್ನಪತ್ರಿಕೆ ಕೊಡಲು ಬೈಲಹೊಂಗಲದಿಂದ ಸಂಗೊಳ್ಳಿಗೆ ಹೋದರೆ ನಮ್ಮವ್ವನ ತಂಗಿ, ನನ್ನ ಚಿಗವ್ವ, ಬಾಗಿಲಲ್ಲೇ ಕೇಳಿದ ಮಾತಿದು. ನನಗೆ ತಲೆ ಕೆಟ್ಟಿತು.

ತಮ್ಮನಿಗೆ ಸೋದರಮಾವನ ಮಗಳನ್ನೇ ತಂದುಕೊಳ್ಳುತ್ತಿದ್ದೇವೆ. ಎರಡೂ ಕಡೆಯ ಪತ್ರಿಕೆ ಹಂಚುವ ಕೆಲಸವನ್ನು ನನ್ನ ತಲೆಗೇ ಕಟ್ಟಿದ್ದಾರೆ. ಒಂದೇ ಮನೆಗೆ ಎರಡು ಸಲ ಅಲೆಯುವುದು ಬೇಡವೆಂದು ಎಕ್ಸೆಲ್‌ನಲ್ಲಿ ಹುಡುಗನ ಕಡೆ, ಹುಡುಗಿಯ ಕಡೆ, ಊರವರು ಎಂದು ಮೂರು ಕಾಲಂ ಮಾಡಿ, ಒಂದಕ್ಕಿಂತ ಹೆಚ್ಚು ಕಡೆ ಬಂದ ಹೆಸರು ತಾನಾಗಿಯೇ ಕೆಂಪಾಗುವಂತೆ ಕಂಡೀಷನಲ್ ಫಾರ್ಮ್ಯಾಟಿಂಗ್ ಹಾಕಿದ್ದೆ. ಹಾಳೆಗೆ ಹಾಳೆಯೇ ಕೆಂಪಾಯಿತು! ಕೆಂಪಾದ ಹೆಸರುಗಳನ್ನು ಹುಡುಗನ ಕಡೆ ಮಾತ್ರ ಉಳಿಸಿ, ಉಳಿದ ಕಡೆ ಅಳಿಸಿಬಿಟ್ಟಿದ್ದೆ.

“ನಿನ್ನ ಹೆಸರು ಎರಡೂ ಕಡೆ ಇತ್ತು ಚಿಗವ್ವಾ, ಅದಕ್ಕ ಒಂದು ಅಳಿಸೇನಿ” ಎಂದೆ.

“ಹುಡುಗಗ ನಾ ಚಿಗವ್ವ, ಹುಡುಗಿಗೆ ಸೋದರತ್ತಿ. ಅದರಾಗ ಯಾವ ಸಂಬಂಧ ಅಳಿಸಿದಿ, ಹೇಳು?”

ಪತ್ರಿಕೆಯನ್ನು ಅವಳು ಮುಟ್ಟಲಿಲ್ಲ. ಚಹಾ ಕುಡಿಯುತ್ತೀಯಾ ಎಂದೂ ಕೇಳಲಿಲ್ಲ.

ಈಗ ಕೆಂಪಾದ ಒಂದೊಂದು ಮನೆಗೂ ಬಿಸಿಲಲ್ಲಿ ಎರಡನೇ ಸಲ ಬೈಕ್ ಓಡಿಸುತ್ತಿದ್ದೇನೆ, ಗೊಣಗುತ್ತಲೇ. ಮೊದಲು ಹೋಗಿದ್ದು ಸಂಗೊಳ್ಳಿಗೇ. ಚಿಗವ್ವ ಎರಡೂ ಪತ್ರಿಕೆಗಳನ್ನು ಒಂದರ ಪಕ್ಕ ಒಂದಿಟ್ಟು, ದೇವರ ಜಗುಲಿಯ ಮೇಲೆ ಸರಿಯಾಗಿ ಜೋಡಿಸಿದಳು. ಆಮೇಲೆಯೇ ಚಹಾಕ್ಕೆ ಇಟ್ಟಳು.