ಯೂನಿಫಾರ್ಮಿನ ಅಳತೆ

ಹೊಟ್ಟೆ ಬಂದರೆ ಆರೋಗ್ಯ ಬಂದಂತೆ ಎಂದು ಉದ್ಯಮಬಾಗದ ನಮ್ಮ ಫೌಂಡ್ರಿಯಲ್ಲಿ ಎಲ್ಲರೂ ನಂಬಿದ್ದರು. ಲಿವರ್ ಸಿರೋಸಿಸ್ ಇದ್ದ ನಾನೂ ನಂಬಿದ್ದೆ. ಲಿವರ್ ಕಲೆಗಟ್ಟಿದೆ, ಆದರೂ ಕೆಲಸ ನಿಭಾಯಿಸುತ್ತಿದೆ, ಇದಕ್ಕೆ ಕಾಂಪೆನ್ಸೇಟೆಡ್ ಹಂತ ಎನ್ನುತ್ತಾರೆ ಎಂದು ಡಾಕ್ಟರು ಹೇಳಿದ್ದರು. ವಾಸಿಯಾಗಿದೆ ಎಂದು ನಾನು ಅರ್ಥ ಮಾಡಿಕೊಂಡೆ. ಪದವಿ ಪಡೆದವರಿಗೆ ಇಂಥ ಅನುಕೂಲಗಳಿರುತ್ತವೆ.

ಯೂನಿಫಾರ್ಮಿಗೆ ಅಳತೆ ತೆಗೆಯಲು ಪ್ರತಿವರ್ಷದಂತೆ ಖಾನಾಪುರದ ಟೇಲರ್ ಬಂದಿದ್ದ. ನನ್ನ ಸೊಂಟಕ್ಕೆ ಟೇಪು ಸುತ್ತಿ ನಕ್ಕ.

"ಸಾಹೇಬ್ರ, ಹ್ವಾದ ವರ್ಷ ಕಡ್ಡಿ ಆಗಿದ್ರಿ. ಈಗ ಖರೇ ಮೈ ಹಿಡದೈತಿ ನೋಡ್ರಿ."

"ಮೊನ್ನಿ ಮೊನ್ನಿ ಬಂದೈತಿ," ಅಂದೆ, ಹೆಮ್ಮೆಯಿಂದಲೇ.

"ವೈನಿಯವರ ಕೈಯಾನ ಊಟ ಹತ್ತೇತಿ. ಬಟ್ಟಿ ಜಾಸ್ತಿ ಬಿಡ್ತೇನ್ರಿ, ಇನ್ನೂ ಬರ್ತೈತಿ."

ಸಾಲಿನಲ್ಲಿದ್ದವರು ಪಾರ್ಟಿ ಕೇಳಿದರು. ಎಲ್ಲರಿಗೂ ಕುಂದಾ ತರಿಸಿದೆ. ಆ ವಾರ ಇದ್ದ ತಪಾಸಣೆಯನ್ನು ಮುಂದಕ್ಕೆ ಹಾಕಿದೆ. ಗುಣವಾದವನಿಗೆ ಆಸ್ಪತ್ರೆಯಲ್ಲೇನು ಕೆಲಸ?

ತಿಂಗಳಾದ ಮೇಲೆ ಸ್ಕ್ಯಾನಿಂಗ್ ಆಯಿತು. ಲಿವರಿಗೆ ನಿಭಾಯಿಸುವುದು ಆಗುತ್ತಿರಲಿಲ್ಲ. ಆ ಹಂತಕ್ಕೆ ಡಿಕಾಂಪೆನ್ಸೇಟೆಡ್ ಎನ್ನುತ್ತಾರಂತೆ. ನನ್ನ ಹೊಟ್ಟೆಯಲ್ಲಿ ತುಂಬಿದ್ದು ನೀರು.