ಧಾಬಾದಲ್ಲಿ ಮಲಗಿದ್ದ ಡಬ್ಬಿ

ಶಹಾಪುರದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ನಾನು ಗುಮಾಸ್ತನಾಗಿದ್ದೆ. ಹುಣಸಗಿ ಕಡೆಯ ಗಿರಣಿಗಳಿಂದ ನಮ್ಮ ಲಾರಿಗಳು ಅಕ್ಕಿ ಹೇರಿಕೊಂಡು ಸುರಪುರ, ಶಹಾಪುರ, ಯಾದಗಿರಿ ದಾಟಿ ಹೈದರಾಬಾದಿಗೆ ಹೋಗುತ್ತಿದ್ದವು. ಅಕ್ಕಿ ಕೊಳ್ಳುವ ಕಂಪನಿಯವರು ಪ್ರತಿ ಲಾರಿಗೂ ಒಂದು ಜಿಪಿಎಸ್ ಕೊಟ್ಟಿದ್ದರು. ಅಂಗೈಯಷ್ಟು ಅಗಲದ ಕಪ್ಪು ಡಬ್ಬಿ, ಅಯಸ್ಕಾಂತದಿಂದ ಕ್ಯಾಬಿನ್ನಿನಲ್ಲಿ ಅಂಟಿಕೊಂಡಿರುತ್ತಿತ್ತು. ಲಾರಿ ಎಷ್ಟು ಹೊತ್ತು ಓಡಿತು, ಎಷ್ಟು ಹೊತ್ತು ನಿಂತಿತು ಎಂಬುದು ಅವರಿಗೆ ಕೂತಲ್ಲೇ ಕಾಣುತ್ತಿತ್ತು. ಇಷ್ಟು ತಾಸು ಓಡಿಸಿದ ಮೇಲೆ ಡ್ರೈವರ್ ಮಲಗಲೇಬೇಕು ಎಂಬುದು ಅವರ ಕರಾರು.

ಡ್ರೈವರ್ ಮಲಗಿದರೆ ಲಾರಿ ನಿಲ್ಲುತ್ತದೆ. ಅದಕ್ಕೆ ನಮ್ಮಲ್ಲಿ ಡಬ್ಬಿಯನ್ನು ಮಲಗಿಸುವ ಪದ್ಧತಿ ಬಂತು. ಸುರಪುರದ ಹೊರಗಿನ ಒಂದು ಧಾಬಾದಲ್ಲಿ, ಗಲ್ಲಾದ ಹಿಂದೆ ಅದನ್ನಿಟ್ಟು ಡ್ರೈವರ್ ಮುಂದೆ ಹೋಗುತ್ತಿದ್ದ. ಹಿಂದಿನಿಂದ ಬರುವ ನಮ್ಮ ಇನ್ನೊಂದು ಲಾರಿ ಅದನ್ನು ಎತ್ತಿಕೊಂಡು ಹೋಗಿ ದಾರಿಯಲ್ಲಿ ಅವನಿಗೆ ಮುಟ್ಟಿಸುತ್ತಿತ್ತು. ತನ್ನ ಧಾಬಾದಲ್ಲಿ ಪುಕ್ಕಟೆ ಮಲಗುವ ಗಿರಾಕಿ ಇದೊಂದೇ ಎಂದು ಧಾಬಾದವನು ನಗುತ್ತಿದ್ದ. ನಾವೂ ನಗುತ್ತಿದ್ದೆವು.

ಒಂದು ಬೆಳಿಗ್ಗೆ ಶಹಾಪುರ ದಾಟಿ ಯಾದಗಿರಿ ರಸ್ತೆಯಲ್ಲಿ, ಭೀಮಾ ಸೇತುವೆ ಇನ್ನೂ ಮುಂದಿರುವಾಗ, ನಮ್ಮ ಲಾರಿಯೊಂದು ರಸ್ತೆ ಬಿಟ್ಟಿಳಿದು ಬೇವಿನ ಮರಕ್ಕೆ ಹೊಡೆಯಿತು. ಓಡಿಸುತ್ತಿದ್ದವರು ನಮ್ಮ ಡ್ರೈವರುಗಳಲ್ಲಿ ಎಲ್ಲರಿಗಿಂತ ಹಳಬರು, ಸುರಪುರದವರು. ಅವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದೆವು. ಹಿಂದಿನ ದಿನವಷ್ಟೇ ಹೈದರಾಬಾದಿನಿಂದ ಬಂದವರನ್ನು ನಮ್ಮ ಮಾಲೀಕರಾದ ಸಾವುಕಾರರು ಮನೆಗೆ ಬಿಡದೆ ಮತ್ತೆ ಲೋಡಿಗೆ ಕಳಿಸಿದ್ದರು. ನಾನು ಹೋಗುವ ಹೊತ್ತಿಗೆ ಜನ ಅವರನ್ನು ಹೊರಗೆಳೆದು ಅಕ್ಕಿ ಚೀಲಗಳ ಮೇಲೆ ಮಲಗಿಸಿದ್ದರು. ಬಲಗಾಲಿನ ಕಡೆ ಒಂದು ಸಲ ನೋಡಿದೆ, ಮತ್ತೆ ನೋಡಲಿಲ್ಲ. ಕಲಬುರಗಿಯ ಆಸ್ಪತ್ರೆಯಲ್ಲಿ ಅದನ್ನು ಮೊಣಕಾಲಿನ ಕೆಳಗೆ ತೆಗೆದರು.

ಇತ್ತ ಸುದ್ದಿ ಕೇಳಿದ ಧಾಬಾದವನು ಹೆದರಿದ. ಆ ಲಾರಿಯ ಡಬ್ಬಿ ಅವನ ಗಲ್ಲಾದ ಹಿಂದೆಯೇ ಇತ್ತು. ಬುತ್ತಿ, ಔಷಧ, ಮರೆತ ಕೊಡೆ, ಏನಿದ್ದರೂ ಬಸ್ಸಿನಲ್ಲಿ ಕೊಟ್ಟು ಕಳಿಸುವುದು ನಮ್ಮ ಕಡೆಯ ರೂಢಿ. ಅವನೂ ಹಾಗೇ ಮಾಡಿದ. ಶಹಾಪುರದ ಬಸ್ಸು ನಿಲ್ಲಿಸಿ ಡ್ರೈವರ್ ಕೈಯಲ್ಲಿ ಡಬ್ಬಿ ಕೊಟ್ಟು, ಆಫೀಸಿನವರು ಬಂದು ಒಯ್ಯುತ್ತಾರೆ ಎಂದ. ಹೀಗಾಗಿ ಮರಕ್ಕೆ ಹೊಡೆದು ನಿಂತಿದ್ದ ಲಾರಿ ಕಂಪನಿಯವರ ಪರದೆಯ ಮೇಲೆ ಸುರಪುರದಿಂದ ಹೊರಟು, ಊರೂರಿಗೂ ನಿಂತು, ಶಹಾಪುರದ ಬಸ್ ಸ್ಟ್ಯಾಂಡಿನೊಳಗೆ ಹೋಗಿ ತಂಗಿತು.

ಕೆಲವು ವಾರಗಳ ಮೇಲೆ ಕಂಪನಿಯಿಂದ ಸುದ್ದಿ ಬಂತು. ಸುರಕ್ಷತೆಯ ತಪಾಸಣೆಗೆ ಬರುತ್ತೇವೆ, ಆ ಡ್ರೈವರನ್ನೂ ಕರೆಸಿರಿ ಎಂದಿದ್ದರು.

ಸಾವುಕಾರರು ತಯಾರಿ ಶುರುಮಾಡಿದರು. ಗೋದಾಮಿನ ಒಂದು ಮೂಲೆಗೆ ಸುಣ್ಣ ಬಳಿಸಿ, ಮಂಚ ಹಾಕಿಸಿ, ಬಾಗಿಲ ಮೇಲೆ 'ವಿಶ್ರಾಂತಿ ಕೋಣೆ' ಎಂದು ಬರೆಸಿದರು. ತಪಾಸಣೆ ಮುಗಿಯುವ ತನಕ ಯಾರೂ ಮಲಗಬಾರದು, ಚಾದರ ಮುದುಡುತ್ತದೆ ಎಂದು ತಾಕೀತು ಮಾಡಿದರು. ಟ್ರಿಪ್ ಮುಗಿಸಿ ಬಂದ ಡ್ರೈವರುಗಳು ಎಂದಿನಂತೆ ಲಾರಿಯ ಕೆಳಗೇ ಗೋಣಿ ಹಾಸಿಕೊಂಡರು. ದಿನಕ್ಕೆ ಎಷ್ಟು ತಾಸು ಓಡಿಸುತ್ತೀರಿ, ಎಲ್ಲಿ ಮಲಗುತ್ತೀರಿ ಎಂದು ಕೇಳಿದರೆ ಏನು ಹೇಳಬೇಕೆಂದು ಒಬ್ಬೊಬ್ಬರನ್ನೇ ಕೂರಿಸಿ ಕಲಿಸಿದ್ದಾಯಿತು.

ಚಾಚಾರಿಗೆ ಕಲಿಸಲು ಸಾವುಕಾರರು ತಾವೇ ಸುರಪುರಕ್ಕೆ ಹೋದರು, ಜೊತೆಗೆ ನನ್ನನ್ನೂ ಕರೆದುಕೊಂಡರು. ಒಂದೇ ಕೋಣೆಯ ಮನೆ. ಚಾಚಾ ಗೋಡೆಗೊರಗಿ ಕೂತಿದ್ದರು. ಡಬ್ಬಿಯನ್ನು ತಾವೇ ತೆಗೆದಿಟ್ಟದ್ದಾಗಿ, ಮಾಲೀಕರಿಗೆ ಏನೂ ಗೊತ್ತಿರಲಿಲ್ಲವೆಂದು ಅವರು ಹೇಳಬೇಕು. ಹಾಗೆ ಹೇಳಿದರೆ ಆಫೀಸಿನಲ್ಲಿ ಕೂತು ಮಾಡುವ ಕೆಲಸ ಕೊಡುತ್ತೇನೆ, ಇಲ್ಲದಿದ್ದರೆ ಕಂಪನಿ ಕರಾರು ಮುರಿಯುತ್ತದೆ, ಎಲ್ಲ ಲಾರಿಗಳೂ ನಿಲ್ಲುತ್ತವೆ ಎಂದರು ಸಾವುಕಾರರು. ಹಾಗೆ ಹೇಳಿದರೆ ಕಾಲು ಹೋದದ್ದು ಅವರದೇ ತಪ್ಪಿನಿಂದ ಎಂದಾಗುತ್ತದೆ, ಕೆಲಸದ ಮೇಲಿದ್ದಾಗ ಆದ ಗಾಯಕ್ಕೆ ಸಿಗಬೇಕಾದ್ದು ಯಾವುದೂ ಸಿಗುವುದಿಲ್ಲ. ಅದನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಚಾಚಾರಿಗೆ ಅದು ತಿಳಿದಿತ್ತು.

ಅವರು ಒಳಗಿದ್ದ ಮಗಳನ್ನು ಕರೆದು, ಮನೆಯ ಉರ್ದುವಿನಲ್ಲಿ ಏನೋ ಹೇಳಿ ಅಂಗಡಿಗೆ ಕಳಿಸಿದರು. ಅವಳು ಓಣಿ ದಾಟುವ ತನಕ ಕಾದರು.

"ಈಗ ಹೇಳ್ರಿ ಸಾವ್ಕಾರ್ರ. ಏನೇನು ಹೇಳಬೇಕು?"

ತಪಾಸಣೆಗೆ ಬಂದದ್ದು ಒಬ್ಬ ಹೆಣ್ಣುಮಗಳು, ಬೆಂಗಳೂರಿನವರು, ಮೆತ್ತಗಿನ ಮಾತು. ಅಗ್ನಿಶಾಮಕ ಸಿಲಿಂಡರ್ ನೋಡಿದರು, ಮಂಚ ನೋಡಿದರು, ಹಾಸಿಗೆಯನ್ನು ಒತ್ತಿಯೂ ನೋಡಿದರು. ಆಮೇಲೆ ಚಾಚಾರಿಗೆ ಎದುರಾಗಿ ಕೂತರು. ಕಲಿಸಿದ್ದನ್ನು ಚಾಚಾ ತಡವರಿಸದೆ ಹೇಳಿದರು.

"ಅದನ್ನ ಯಾಕೆ ತೆಗೆದಿಟ್ರಿ?" ಎಂದರು ಆಕೆ.

ಆ ಪ್ರಶ್ನೆಗೆ ನಾವು ಉತ್ತರ ಕಲಿಸಿರಲಿಲ್ಲ. ಸಾವುಕಾರರು ಫ್ಯಾನಿನ ಕಡೆ ನೋಡಿದರು. ಚಾಚಾ ನನ್ನ ಕಡೆ ನೋಡಿ, ಮತ್ತೆ ಆಕೆಯ ಕಡೆ ತಿರುಗಿದರು.

"ಮನಿಗಿ ಲಗೂ ಮುಟ್ಟಬೇಕಿತ್ರಿ ಮೇಡಂ. ಸುರಪುರಕ್ಕ."

ಆಕೆ ಬರೆದುಕೊಂಡರು. ಅವರ ಬೆನ್ನ ಹಿಂದೆಯೇ ಗೋಡೆಯ ಮೇಲೆ ಜಿಲ್ಲೆಯ ನಕ್ಷೆ ಇತ್ತು. ಡಬ್ಬಿ ಇಟ್ಟದ್ದು ಸುರಪುರದಲ್ಲಿ, ಲಾರಿ ಮರಕ್ಕೆ ಹೊಡೆದದ್ದು ಶಹಾಪುರದ ಆಚೆ. ಮನೆಗೆ ಹೋಗುವವನು ಮನೆಯನ್ನು ಹಿಂದೆ ಬಿಟ್ಟು ಯಾದಗಿರಿ ಕಡೆ ಯಾಕೆ ಹೋಗುತ್ತಾನೆ? ಈ ರಸ್ತೆಯಲ್ಲಿ ಒಂದು ಸಲ ಓಡಾಡಿದವರಿಗೂ ಹೊಳೆಯುವ ಮಾತು. ಆಕೆ ತಿರುಗಿ ನೋಡಲಿಲ್ಲ. ಉಳಿದ ನಮಗೆಲ್ಲ ರಸ್ತೆ ಗೊತ್ತಿತ್ತು.

ತಪಾಸಣೆಯಲ್ಲಿ ಪಾಸಾದೆವು. ಸಂಜೆ ಚಾಚಾರನ್ನು ಕಾರಿನಲ್ಲಿ ಮನೆಗೆ ಬಿಡುವ ಕೆಲಸ ನನಗೆ ಬಂತು. ಊರು ಹತ್ತಿರ ಬಂದಾಗ ತಡೆಯಲಾಗದೆ ಕೇಳಿದೆ. ಆಕೆ ಹಿಂದೆ ತಿರುಗಿ ನಕ್ಷೆ ನೋಡಿದ್ದರೆ ಸಿಕ್ಕಿಬೀಳುತ್ತಿದ್ದಿರಲ್ಲ, ಬೇರೆ ಏನಾದರೂ ಹೇಳಬಹುದಿತ್ತಲ್ಲ ಎಂದೆ.

ಚಾಚಾ ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದರು.

"ನೋಡಲಿ ಅಂತನ ಹಂಗ ಅಂದೆ ತಮ್ಮಾ," ಎಂದರು.

ಧಾಬಾ ದಾಟಿತು. ನಾನು ಗೇರು ಬದಲಿಸಿದೆ. ಮನೆಯ ಬಾಗಿಲಲ್ಲಿ ಮಗಳು ನಿಂತಿದ್ದಳು.