ಅಮಾವಾಸ್ಯೆಯವರೆಗೆ ಕೊಟ್ಟ ಕಾರು

ಕೊಟ್ಟೂರಿಗೆ ಬಂದ ಹೊಸತರಲ್ಲಿ, ನನ್ನ ಪೂರ್ತಿ ಹೆಸರನ್ನೂ ಕೇಳದ ಒಬ್ಬ ಮನುಷ್ಯ ತನ್ನ ಕಾರಿನ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು ಕುರಿ ಹಟ್ಟಿಯ ಕಡೆಗೆ ಹೊರಟೇಬಿಟ್ಟ. ಮುಂಗಡ ಕೇಳಲಿಲ್ಲ, ಕಾಗದ ಬರೆಸಲಿಲ್ಲ. ನಾನು ಹಿಂದೆಯೇ ಹೋಗಿ, "ದುಡ್ಡಿನ ವಿಷಯ ಮಾತಾಡಲಿಲ್ಲವಲ್ಲ?" ಎಂದೆ.

"ಅಮಾಸಿ ಮಟ ಹೊಡೀರಿ ಬೀಗರ. ಒಗ್ಗಿದ್ರ ರೊಕ್ಕದ ಮಾತು. ಒಗ್ಗಲಿಲ್ಲಂದ್ರ ತಂದು ನಿಲ್ಲಿಸಿ ಹೋಗ್ರಿ. ಯಾಕಂತ ನಾ ಕೇಳಂಗಿಲ್ಲ."

ಅವನು ಹನುಮಂತಪ್ಪ. ಕೋಗಳಿಯ ಹತ್ತಿರದ ಹಳ್ಳಿಯವನು, ಹೊಲ ಮತ್ತು ಕುರಿ ಇಟ್ಟುಕೊಂಡವನು. ನನ್ನ ಅಳಿಯ ಕೊಟ್ರೇಶನ ತಂದೆಗೆ ಚಿಕ್ಕಂದಿನ ಗೆಳೆಯ. ಆ ಲೆಕ್ಕದಲ್ಲಿ ನಾನು ಅವನಿಗೂ ಬೀಗ. ಅವನ ಮನೆತನದಲ್ಲಿ ಎತ್ತನ್ನು ಗುರುತಿನವರಿಗೆ ಕೊಡುವ ರೀತಿಯೇ ಹೀಗಂತೆ. ಕೊಳ್ಳುವವನು ಹೊಡೆದುಕೊಂಡು ಹೋಗಿ ತನ್ನ ಹೊಲದಲ್ಲಿ ಹೂಡಿ ನೋಡುತ್ತಾನೆ. ಎತ್ತು ಅವನಿಗೆ ಒಗ್ಗಿದರೆ, ಅಂದರೆ ಹೊಂದಿಕೊಂಡರೆ, ಹಣ. ಇಲ್ಲವಾದರೆ "ಒಗ್ಗಲಿಲ್ಲ" ಎಂಬ ಒಂದೇ ಮಾತು ಸಾಕು. ಎತ್ತಿಗೆ ಇದ್ದ ಆ ಮರ್ಯಾದೆಯನ್ನು ಹನುಮಂತಪ್ಪ ಕಾರಿಗೂ ಕೊಟ್ಟಿದ್ದ. ನಮ್ಮ ಮದ್ದೂರು ಕಡೆ ಒಂದು ಹಳೇ ಸೈಕಲ್ಲನ್ನೂ ಯಾರೂ ಹೀಗೆ ಕೊಟ್ಟಿದ್ದು ನಾನು ಕಂಡಿಲ್ಲ.

ಎಸ್ಸೆಸ್ಸೆಲ್ಸಿ ಮುಗಿಸಿ, ಬದುಕಿಡೀ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದವನು ನಾನು. ಮಗಳು ಸುಧಾ ಕೊಟ್ಟೂರಿನ ಸೊಸೆ, ಇಲ್ಲೇ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಮೊಮ್ಮಗಳನ್ನು ನೋಡಿಕೊಂಡು ಹತ್ತಿರವೇ ಇರಿ ಎಂದು ಕರೆದಳು. ಅವರ ಪಕ್ಕದ ಬೀದಿಯಲ್ಲೇ ಬಾಡಿಗೆ ಮನೆ ಹಿಡಿದು ನಾನೂ ನನ್ನ ಹೆಂಡತಿ ನಾಗರತ್ನಳೂ ಬಂದೆವು.

ನಮಗೆ ಮೊದಲು ಪಾಠ ಕಲಿಸಿದ್ದು ನೀರು. ನಮ್ಮ ಕಡೆ ನಾಲೆ ಮನೆಯ ಹಿಂದೆಯೇ ಹರಿಯುತ್ತಿತ್ತು. ನೀರಿನ ಕಡೆಗೆ ತಿರುಗಿ ನೋಡುವ ಅಗತ್ಯವೇ ಇರಲಿಲ್ಲ. ಇಲ್ಲಿ ನಲ್ಲಿಗೆ ನೀರು ಬಂದ ದಿನ ಬೀದಿಯೇ ಎದ್ದು ಕೂರುತ್ತದೆ. ಮನೆಯೊಡತಿ ಗೋಡೆಯಾಚೆಯಿಂದ "ನೀರು ಬಂದಾವು, ಡ್ರಮ್ಮು ತುಂಬ್ಕೊಳ್ರಿ!" ಎಂದು ಕೂಗುತ್ತಾಳೆ. ನೀರನ್ನು ಬಹುವಚನದಲ್ಲಿ ಕರೆಯುವ ಜನ ಅದಕ್ಕೆ ಎಷ್ಟು ಗೌರವ ಕೊಡುತ್ತಾರೆಂದು ನನಗೆ ಅರ್ಥವಾಗಲು ಒಂದು ಬೇಸಿಗೆ ಬೇಕಾಯಿತು. ಮುದ್ದೆ ಕಟ್ಟುತ್ತಿದ್ದ ನಾಗರತ್ನ ಜೋಳದ ರೊಟ್ಟಿ ಬಡಿಯುವುದನ್ನು ಬೇಗ ಕಲಿತಳು. ನನಗೆ ಮಾತ್ರ ಮಾತಿಗೆ ಜನ ಸಿಗುತ್ತಿರಲಿಲ್ಲ. ನಾನು ಬಾಯಿ ತೆರೆದರೆ ಸಾಕು, "ನಿಮ್ಮ ಮಾತು ರೇಡಿಯೋದಾಗ ಓದಿದಂಗ ಐತ್ರಿ" ಎಂದು ನಗುತ್ತಿದ್ದರು. ನಗುವವರ ನಡುವೆಯೂ ಮನುಷ್ಯ ಒಂಟಿಯಾಗಿರಬಲ್ಲ.

ಕಾರು ಬೇಕಾಗಿದ್ದು ನಾಗರತ್ನಳ ಮೊಣಕಾಲಿಗಾಗಿ. ವಾರಕ್ಕೊಮ್ಮೆ ಕೂಡ್ಲಿಗಿಗೆ ವ್ಯಾಯಾಮ ಮಾಡಿಸಲು ಕರೆದೊಯ್ಯಬೇಕಿತ್ತು. ಬಸ್ಸಿನ ಮೆಟ್ಟಿಲನ್ನು ಅವಳು ಎರಡೂ ಕೈಯಲ್ಲಿ ಕಂಬಿ ಹಿಡಿದು, ಉಸಿರು ಬಿಗಿಹಿಡಿದು ಹತ್ತುತ್ತಿದ್ದಳು. ಕೊಟ್ರೇಶ ಕಾಲೇಜು ಮೈದಾನದಲ್ಲಿ ನನಗೆ ಕಾರು ಕಲಿಸಿದ. ಮೇಯುತ್ತಿದ್ದ ಎಮ್ಮೆಗಳು ನನ್ನ ಗುರುತು ಹಿಡಿದು ತಾವಾಗಿಯೇ ದೂರ ಸರಿಯುತ್ತಿದ್ದವು.

"ಮಾವಾ, ಹೊಸಾದು ಬ್ಯಾಡ. ಕಲಿಯೋ ಕೈಗೆ ಹಳೇದಾ ಚಲೋ. ಸಣ್ಣದು, ನಂಬಿಗಸ್ತ ಗಾಡಿ ನೋಡೋಣು" ಎಂದ ಅಳಿಯ. ಸುತ್ತಲಿನ ಊರುಗಳಲ್ಲೆಲ್ಲ ಹುಡುಕಿದೆವು. ಹಗರಿಬೊಮ್ಮನಹಳ್ಳಿಯಲ್ಲಿ ಕಂಡ ಕಾರಿನ ಸೀಟಿಗೆ ಹೊಸ ಕವರು, ಹಿಂದೆ ಕಪ್ಪು ಹೊಗೆ. ಹಡಗಲಿಯ ಕಾರಿನ ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತಿತ್ತು. ಹರಪನಹಳ್ಳಿಯಲ್ಲಿ ನೋಡಿದ ಮೂರೂ ಕಾರುಗಳನ್ನು ಡಾಕ್ಟರೇ ಓಡಿಸಿದ್ದರಂತೆ. ಕೊನೆಗೆ ಕಂಡಿದ್ದು ಹನುಮಂತಪ್ಪನ ಬಿಳಿ ಕಾರು. ಕುರಿ ಹೇರಲು ದೊಡ್ಡ ಗಾಡಿ ಕೊಂಡಿದ್ದರಿಂದ ಇದನ್ನು ಮಾರಲು ಹೊರಟಿದ್ದ. ಇದರ ಗುಣವನ್ನು ಅವನು ಒಂದೂ ಹೇಳಲಿಲ್ಲ, ಬರೀ ದೋಷಗಳನ್ನೇ ಹೇಳಿದ.

"ಎಡಕಿನ ಹಿಂದಿನ ಬಾಗ್ಲ ಜಗ್ಗಿ ಹಾಕ್ಬೇಕು. ಹಾರ್ನು ಒಮ್ಮೊಮ್ಮಿ ಮುನಿಸ್ಕೊಂತೈತಿ. ಮತ್ತ ಇದಕ್ಕ ನೀರಡಿಕಿ ಜಾಸ್ತಿ, ದಿನಾ ಮುಂಜಾನಿ ಕುಡಸ್ರಿ. ಈ ಕಾವಿನ ಮುಳ್ಳು ಮ್ಯಾಕ ಹೋತಂದ್ರ ಅಲ್ಲೇ ನಿಂದ್ರಸ್ರಿ. ಮನಿ ಇಲ್ಲೇ ಐತಿ ಅಂತ ಹೊಡೀಬ್ಯಾಡ್ರಿ."

ಮೊದಲ ದಿನಗಳಲ್ಲಿ ಚೆಂಬು ಹಿಡಿದು ಬಾನೆಟ್ ಎತ್ತುವುದೇ ನನಗೆ ಬೆಳಗಿನ ಪೂಜೆಯಾಗಿತ್ತು. ಕಾರು ಗುಬ್ಬಿಯ ಹಾಗೆ ಹಗುರವಾಗಿ ಓಡುತ್ತಿತ್ತು. ನಾಗರತ್ನ ಕಿಟಕಿ ಇಳಿಸಿ ಕೂತು, ಹೊಲದಲ್ಲಿ ಕೆಲಸ ಮಾಡುವವರಿಗೆಲ್ಲ ಗುರುತಿಲ್ಲದಿದ್ದರೂ ಕೈ ಬೀಸುತ್ತಿದ್ದಳು.

ಅಮಾವಾಸ್ಯೆ ಹತ್ತಿರವಿದ್ದಾಗ ಒಂದು ಬೆಳಿಗ್ಗೆ ನಲ್ಲಿಗೆ ನೀರು ಬಂತು. ಡ್ರಮ್ಮು, ಕೊಡ, ಬಕೆಟ್ಟು ಎಲ್ಲ ತುಂಬಿಸುವ ಗಡಿಬಿಡಿಯಲ್ಲಿ ಕಾರಿಗೆ ನೀರು ಹಾಕುವುದನ್ನೇ ಮರೆತೆ. ಮನೆ ತುಂಬ ನೀರಿದ್ದ ದಿನವೇ ಮರೆತೆ. ಕೂಡ್ಲಿಗಿಯಿಂದ ಹಿಂತಿರುಗುವಾಗ ಬಿಸಿಲು ನೆತ್ತಿಯ ಮೇಲಿತ್ತು.

"ಏನ್ರೀ ಅದು, ಮುಳ್ಳು ಮೇಲಕ್ಕೆ ಹೋಗ್ತಾ ಅದಲ್ಲ? ಅವರು ನಿಲ್ಸಿ ಅಂದಿದ್ರು" ಎಂದಳು ನಾಗರತ್ನ.

"ಹಳೇ ಕಾರಲ್ವಾ, ಇರತ್ತೆ."

ನಿಲ್ಲಿಸಬಹುದಿತ್ತು. ಆದರೆ ಹಿಂದೆ ಬಸ್ಸು ಬರುತ್ತಿತ್ತು. ನಮ್ಮ ಬೀದಿಯವರೂ ಅದರಲ್ಲಿರುತ್ತಾರೆ. ಬಾನೆಟ್ ಎತ್ತಿ ರಸ್ತೆ ಬದಿಯಲ್ಲಿ ನಿಂತ ಮುದುಕನನ್ನು ಅವರು ನೋಡುವುದು ನನಗೆ ಬೇಡವಾಗಿತ್ತು. ಊರು ಇಲ್ಲೇ ಇದೆಯಲ್ಲ ಎಂದು ಒತ್ತಿದೆ. ಊರಿನ ಮುಂದೆ ಹೊಗೆ ಎದ್ದು ಕಾರು ತಾನಾಗಿ ನಿಂತಿತು.

ಗ್ಯಾರೇಜಿನವನು ನೋಡಿ, "ನೀರಿಲ್ದ ಹೊಡದೀರಿ, ಎಂಜಿನ್ ಕುದ್ದೈತಿ. ಬಿಚ್ಚಿ ಮಾಡ್ಬೇಕು. ಬ್ಯಾಡಂದ್ರ ಸದ್ಯಕ್ಕ ಓಡೋಹಂಗ ಮಾಡಿಕೊಡ್ತೀನಿ, ಭಾಳ ದಿನ ಬಾಳಂಗಿಲ್ಲ" ಎಂದ. ಸದ್ಯಕ್ಕೆ ಓಡಿದರೆ ಸಾಕು ಎಂದೆ. ಆ ಮಾತು ಬಾಯಿಂದ ಬಂದ ಕ್ಷಣದಲ್ಲೇ ನಾನು ಏನು ಮಾಡಲಿದ್ದೇನೆಂದು ನನಗೆ ಗೊತ್ತಿತ್ತು. ಬೇರೆಯವರ ಮೇಲೆ ಹಾಕುವಂಥದ್ದು ಇದರಲ್ಲಿ ಏನೂ ಇಲ್ಲ.

ಅಮಾವಾಸ್ಯೆಯ ದಿನ ಕಾರನ್ನು ಮೆಲ್ಲಗೆ ಓಡಿಸಿಕೊಂಡು ಹೋಗಿ ಹನುಮಂತಪ್ಪನ ಮನೆಯ ಮುಂದೆ ನಿಲ್ಲಿಸಿದೆ. "ಒಗ್ಗಲಿಲ್ಲ" ಎಂದೆ. ಅವನ ಮುಖದಲ್ಲಿ ಒಂದು ಪ್ರಶ್ನೆ ಎದ್ದಿತು. ಆದರೆ ಯಾಕೆಂದು ಕೇಳುವುದಿಲ್ಲ ಎಂದು ಮಾತು ಕೊಟ್ಟಿದ್ದನಲ್ಲ, ಕೇಳಲಿಲ್ಲ. "ಬಿಸಿಲಾಗ ಬಂದೀರಿ, ಮಜ್ಜಿಗಿ ಕುಡೀರಿ ಬೀಗರ" ಎಂದ. ಕುಡಿದೆ.

ಆಮೇಲೆ ನಾಗರತ್ನ ಮತ್ತೆ ಬಸ್ಸಿನ ಕಂಬಿ ಹಿಡಿದಳು.

ಕೊಟ್ಟೂರಿನಲ್ಲಿ ಸಂಜೆಯಾದರೆ ಗಂಡಸರು ಸೇರುವುದು ಮಂಡಕ್ಕಿ ಮಿರ್ಚಿಯ ಅಂಗಡಿಯಲ್ಲಿ. ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಬಿಸಿ ಮೆಣಸಿನಕಾಯಿ ಬಜ್ಜಿ, ಮೇಲೆ ಚಾ. ಒಂದು ಸಂಜೆ ಅಲ್ಲಿ ಹನುಮಂತಪ್ಪ ಸಿಕ್ಕಿ, ಕೈ ಹಿಡಿದು ತನ್ನ ಪಕ್ಕದಲ್ಲಿ ಕೂರಿಸಿಕೊಂಡ. ಎದುರಿಗೆ ಕುರಿ ವ್ಯಾಪಾರದ ಈರಣ್ಣ ಕೂತಿದ್ದ.

"ಏನಲೇ ಹನುಮ, ನಿನ್ನ ಬಿಳಿ ಎತ್ತು ಕೊಟ್ಟಿಗಿಗೆ ವಾಪಸ್ ಬಂತಂತ?" ಎಂದ ಈರಣ್ಣ. "ಹಲ್ಲು ನೋಡಿ ಕೊಟ್ಟಿದ್ಯೋ, ಬಾಲ ನೋಡಿ ಕೊಟ್ಟಿದ್ಯೋ?"

ಸುತ್ತಲಿದ್ದವರು ನಕ್ಕರು. ಹನುಮಂತಪ್ಪನೂ ನಕ್ಕ. "ತಪ್ಪು ನಂದಾ ಬಿಡಪಾ. ಚಲೋ ಐತಿ ಅನ್ಕೊಂಡಿದ್ದೆ. ಬೀಗರಿಗೆ ಸುಮ್ನ ತ್ರಾಸ ಕೊಟ್ಟೆ. ಮೊನ್ನಿ ಹರಪನಹಳ್ಳ್ಯಾಂವ ಬಂದಿದ್ದ. ಗಾಡಿ ಒಮ್ಮಿ ತಿರುಗಿ ಬಂದೈತಿ ಅಂತ ಹೇಳೇ ಬಿಟ್ಟೆ. ಅಂವ ಚಾನೂ ಕುಡೀದ ಹೋದ." ಹೀಗೆಂದು ತನ್ನ ತಟ್ಟೆಯ ಮಿರ್ಚಿಯೊಂದನ್ನು ನನ್ನ ತಟ್ಟೆಗೆ ಹಾಕಿದ.

ನಾನು ಅದನ್ನು ತಿಂದೆ. ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ, ಬಿಡಲಿಲ್ಲ.

ಮನೆಗೆ ಬಂದು ನಡೆದಿದ್ದನ್ನು ಹೇಳಿದಾಗ ನಾಗರತ್ನ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಅವರ ತಟ್ಟೇದೇ ತಿಂದು ಬಂದ್ರಾ?" ಎಂದಳು. ಹಿಟ್ಟಿನ ಕೈ ಒರೆಸಿಕೊಂಡು, "ಬೆಳಿಗ್ಗೆ ನಾನೂ ಬತ್ತೀನಿ, ನಡೀರಿ" ಎಂದಳು.

ಬಸ್ಸಿಳಿದು ಹಟ್ಟಿಗೆ ಹೋದಾಗ ಹನುಮಂತಪ್ಪ ತಾಯಿಯಿಲ್ಲದ ಮರಿಯೊಂದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದ. ನಿಂತಲ್ಲೇ ಹೇಳಿದೆ. "ಹನುಮಂತಪ್ಪನವರೇ, ಕಾರು ಕೆಡಿಸಿದ್ದು ನಾನು. ನೀರು ಹಾಕದೆ ಓಡಿಸಿದೆ."

ಅವನು ಮರಿಯಿಂದ ಕಣ್ಣು ತೆಗೆಯಲಿಲ್ಲ. "ಮುಳ್ಳು ಮ್ಯಾಕ ಹೋಗಿದ್ದು ನೋಡಿದ್ರಿ?"

"ನೋಡಿದೆ."

"ನಿಂದ್ರಸಲಿಲ್ಲ."

"ಇಲ್ಲ."

"ಆಮ್ಯಾಗ ತಂದು, ಒಗ್ಗಲಿಲ್ಲ ಅಂದ್ರಿ."

"ಅಂದೆ."

ಹಾಲು ಮುಗಿದು ಮರಿ ಬರೀ ಗಾಳಿ ಎಳೆಯುತ್ತಿತ್ತು. ಅದು ಅವನ ಗಮನಕ್ಕೆ ಬರಲಿಲ್ಲ.

"ಗಾಡಿ ಹೋದ್ರ ಹೋಗ್ಲಿರಿ, ಕಬ್ಬಿಣ ಅದು. ಮೊನ್ನಿ ಸಂತ್ಯಾಗ ನನ್ನ ತಮ್ಮ, ಅಣ್ಣಾ ಟಗರು ನೋಡಿ ಹೇಳು ಬಾ ಅಂದ. ನಾ ಒಲ್ಲೆ ಅಂದೆ. ನನ್ನ ಕಣ್ಣು ಮಂದ ಆಗೈತಿ, ನಾ ಚಲೋ ಅಂದದ್ದು ಕೆಡ್ತೈತಿ ಅನ್ಕೊಂಡೆ. ಹಿಂಗ ಅನ್ಕೊಂತನಾ ತಿರುಗ್ಯಾಡೀನಿ ನಾನು, ಇಷ್ಟು ದಿನ."

"ಅಣ್ಣಾ, ನಂಗೂ ಗೊತ್ತಿತ್ತು. ನಾನೂ ಸುಮ್ನಿದ್ದೆ" ಎಂದಳು ನಾಗರತ್ನ.

"ನೀ ಕುಂದ್ರು ತಂಗಿ, ಕಾಲು ನೋಯ್ತೈತಿ" ಎಂದು ಅವಳಿಗೆ ಕಂಬಳಿ ಹಾಸಿದ. ನನಗೆ ಕೂರಲು ಹೇಳಲಿಲ್ಲ. "ನನ್ನ ಮುಂದ ಹೇಳಿದ್ರ ಕುರಿ ಅಷ್ಟಾ ಕೇಳಸ್ಕೊಂತಾವು ಯಜಮಾನ್ರ. ಮಂಡಕ್ಕಿ ಅಂಗಡ್ಯಾಗ ಹೇಳ್ರಿ."

ಬೀಗರು ಹೋಗಿ ಯಜಮಾನರಾಗಿದ್ದೆ. ಇಲ್ಲಿ ಯಾವ ಹೊಸ ಮುಖಕ್ಕಾದರೂ ಹೇಳುವ ಮರ್ಯಾದೆಯ ಮಾತು ಅದು.

ಅಂದು ಸಂಜೆಯೇ ಅಂಗಡಿಯಲ್ಲಿ ಎದ್ದು ನಿಂತು, ನನ್ನ ರೇಡಿಯೋ ಕನ್ನಡದಲ್ಲೇ ಎಲ್ಲವನ್ನೂ ಹೇಳಿದೆ. ಒಬ್ಬರೂ ನಡುವೆ ನಗಲಿಲ್ಲ. ಕೊನೆಗೆ ಈರಣ್ಣನೇ, "ಅಂದ್ರ ಎತ್ತು ಚಲೋನಾ ಇತ್ತು, ಹೊಡಿಯಾಂವ ಸರಿ ಇರಲಿಲ್ಲನ್ರಿ!" ಎಂದ. ಅಂಗಡಿ ತುಂಬ ನಗೆ ಎದ್ದಿತು. ಹನುಮಂತಪ್ಪ ನಗಲಿಲ್ಲ. ಚಾ ಮುಗಿಸಿ ಲೋಟ ಕೆಳಗಿಟ್ಟು, "ಈರ, ನಿನ್ನ ಟಗರು ಎಲ್ಲೈತಿ? ತೋರ್ಸು ನಡಿ" ಎಂದು ಎದ್ದ.

ಕಾರಿನ ಎಂಜಿನ್ ಬಿಚ್ಚಿಸಿ ಸರಿಯಾಗಿ ಮಾಡಿಸಿದೆ. ಅದನ್ನು ಕೊಳ್ಳುತ್ತೇನೆಂದಾಗ ಹನುಮಂತಪ್ಪ ಬೇಡ ಎನ್ನಲಿಲ್ಲ. "ಈ ಸಲ ರೊಕ್ಕ ಮೊದ್ಲು, ಕೀಲಿ ಆಮ್ಯಾಗ" ಎಂದ. ಇದೇ ಮಾತು ಮದ್ದೂರಿನಲ್ಲಾಗಿದ್ದರೆ ವ್ಯವಹಾರವೆಂದರೆ ಹೀಗಿರಬೇಕು ಎಂದು ಮೆಚ್ಚುತ್ತಿದ್ದೆ. ಇಲ್ಲಿ ಅದು ನನ್ನ ಮುಖಕ್ಕೆ ಮುಚ್ಚಿದ ಬಾಗಿಲಾಯಿತು. ಮುಚ್ಚಿದವನು ನಾನೇ.

ಕಾರು ಈಗ ದಿನವೂ ನೀರು ಕುಡಿಯುತ್ತದೆ, ಒಂದು ದಿನವೂ ಕೈಕೊಟ್ಟಿಲ್ಲ. ಈಚೆಗೆ ನನ್ನ ತಮ್ಮನ ಮಗನ ಗೃಹಪ್ರವೇಶವಿತ್ತು. ಕೊಟ್ರೇಶನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದರಲ್ಲೇ ಮದ್ದೂರಿಗೆ ಹೋದೆ. ಹೊಸಪೇಟೆಯ ನಂಬರ್ ಪ್ಲೇಟು ನೋಡಿ ಹುಡುಗ, "ಯಾವೂರ್ ಗಾಡಿ ದೊಡ್ಡಪ್ಪ ಇದು?" ಎಂದ. "ನಮ್ಮೂರ್ದು ಕಣಪ್ಪ" ಎಂದುಬಿಟ್ಟೆ. ನಾನು ಹುಟ್ಟಿದ ಮನೆ ಅಲ್ಲಿಂದ ಎರಡು ಬೀದಿ ಆಚೆಗಿತ್ತು. ಹಿತ್ತಲಿನ ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಅಷ್ಟೊಂದು ನೀರನ್ನು ಯಾರೂ ನೋಡದೆ ಇರುವುದನ್ನು ನೋಡುತ್ತ ನಿಂತೆ.

ಮರಳಿ ಬಂದ ವಾರ ಕೋಗಳಿ ರಸ್ತೆಯಲ್ಲಿ ಕುರಿ ಹಿಂಡು ಅಡ್ಡ ಬಂತು. ಹನುಮಂತಪ್ಪ ಹಿಂಡಿನ ಹಿಂದಿದ್ದ. ಹತ್ತಿರ ಬಂದು ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಕಾವು ನೋಡಿದ.

"ನೀರು ಕುಡಿಸೀರೇನು?"

"ಕುಡಿಸೀನಿ" ಎಂದೆ. ಆ ಮಾತು ನನ್ನ ಬಾಯಲ್ಲಿ ಅವರ ರೀತಿಯಲ್ಲೇ ಬಂದಿತ್ತು. ಅದನ್ನು ಅವನು ಗಮನಿಸಿದನೋ ಇಲ್ಲವೋ ತಿಳಿಯದು.

"ಹೆಂಗದೀ ತಂಗಿ?" ಎಂದು ನಾಗರತ್ನಳ ಕಡೆ ಬಾಗಿ ಕೇಳಿದ. ಮೊಣಕಾಲಿನ ಸುದ್ದಿಯನ್ನೆಲ್ಲ ಕೇಳಿ ಮುಗಿಸಿ, ಕುರಿಗಳನ್ನು ಬದಿಗೆ ಅಟ್ಟಿ ದಾರಿ ಬಿಡಿಸಿಕೊಟ್ಟ. ಆಮೇಲೆ ನನ್ನ ಕಿಟಕಿಯ ಕಡೆ ನೋಡಿ ಹೇಳಿದ:

"ಸಾವಕಾಶ ಹೋಗ್ರಿ ಯಜಮಾನ್ರ."